ಹತ್ತು ಎಣಿಸಿದವನ ಆಕ್ಷೇಪಣೆ

ಫೆಬ್ರವರಿ 13

ಕ್ರೀಡಾಪುಟದ ಸಂಪಾದಕಿಯವರಿಗೆ,

ಮೊನ್ನೆ ಭಾನುವಾರ, ಫೆಬ್ರವರಿ ಹನ್ನೊಂದರಂದು, ನಿಮ್ಮ ಪತ್ರಿಕೆಯ ಹದಿನಾಲ್ಕನೇ ಪುಟದಲ್ಲಿ ಒಬ್ಬ ಮನುಷ್ಯನ ಮಾನ ಕಳೆಯಲಾಗಿದೆ. ‘ಎಲ್ಲ ಕಾಲದ ಇಪ್ಪತ್ತೈದು ಕುಸ್ತಿ ತಾರೆಯರು’ ಎಂಬ ಪಟ್ಟಿಯ ಕೆಳಗೆ, ಬಲಮೂಲೆಯಲ್ಲಿ, ಹಳದಿ ಚೌಕಟ್ಟಿನೊಳಗೆ ‘ನಗಿಸಿದ ಐವರು’ ಎಂದು ಹಾಕಿದ್ದೀರಿ. ಅದರಲ್ಲಿ ಮೂರನೆಯವನು ಮೂಟೆ ಎಂಬ ಕುಸ್ತಿಪಟು. ಚಿತ್ರದ ಕೆಳಗಿನ ಒಕ್ಕಣೆ: ‘ಚಾಂಪಿಯನ್ ಸಿಡಿಲಿಗೆ ಹೆದರಿ ರಿಂಗ್ ಬಿಟ್ಟು ಓಡಿದ ಮಹಾಶಯ.’

ಈ ಪತ್ರಿಕೆಯನ್ನು ನಾನು ನಲವತ್ತೊಂಬತ್ತು ವರ್ಷದಿಂದ ಓದುತ್ತಿದ್ದೇನೆ. ಬೆಲೆ ಏರಿಸಿದಾಗ ಸುಮ್ಮನಿದ್ದೆ. ಪದಬಂಧವನ್ನು ಒಳಪುಟಕ್ಕೆ ತಳ್ಳಿದಾಗಲೂ ಸುಮ್ಮನಿದ್ದೆ. ಈ ಸಲ ಸುಮ್ಮನಿರುವುದಿಲ್ಲ. ಮೂಟೆ ಇಪ್ಪತ್ತೆರಡು ವರ್ಷ ವೃತ್ತಿಪರ ಕುಸ್ತಿ ಆಡಿದವನು. ಬದುಕಿದ್ದಾನೆ. ಹಾಸಿಗೆ ಅಂಗಡಿ ಇಟ್ಟಿದ್ದಾನೆ, ನಿಮ್ಮ ಪತ್ರಿಕೆಯನ್ನೇ ತರಿಸುತ್ತಾನೆ.

ಮಿಂಚುಳ್ಳಿ ಎಂಬ ಈಗಿನ ಹುಡುಗನನ್ನು ಮೊದಲನೆಯ ಸ್ಥಾನದಲ್ಲಿ ಕೂರಿಸಿದ್ದೀರಿ. ಅದರ ಬಗ್ಗೆ ಬೇರೆಯೇ ಜಗಳವಿದೆ, ಇನ್ನೊಮ್ಮೆ ಆಡೋಣ. ಮೊದಲು ಆ ಹಳದಿ ಚೌಕಟ್ಟನ್ನು ಹಿಂದಕ್ಕೆ ತೆಗೆದುಕೊಳ್ಳಿ. ತಪ್ಪಾಯಿತೆಂದು ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿ.

ಇಪ್ಪತ್ತಾರು ವರ್ಷ ಆ ರಿಂಗಿನ ರೆಫರಿಯಾಗಿದ್ದ,
ನಿಮ್ಮ ತಾಯಿಯ ಅಣ್ಣ

(ಫೋನ್ ಮಾಡಬೇಡಿ, ಎತ್ತುವುದಿಲ್ಲ. ಫೋನಿನಲ್ಲಿ ನೀವು ನಗಿಸಿಬಿಡುತ್ತೀರಿ.)

---

ಫೆಬ್ರವರಿ 20

ಮಾವ,

ಒಂಬತ್ತು ವರ್ಷದವಳಿದ್ದಾಗ ನನ್ನನ್ನು ಎತ್ತಿಕೊಂಡು ಹೋಗಿ ರಿಂಗಿನ ಪಕ್ಕ ಕೂರಿಸಿದವರು ನೀವು. ಈಗ ಕಾಗದದ ತುಂಬ ‘ನೀವು, ನಿಮ್ಮ, ನಿಮಗೆ’. ಅಮ್ಮನಿಗೆ ಓದಿ ಹೇಳಿದೆ. “ನಮ್ಮಣ್ಣ ನಿಜವಾಗ್ಲೂ ಸಿಟ್ಟಾಗಿದಾನೆ, ಇಲ್ದಿದ್ರೆ ಇಷ್ಟು ಮರ್ಯಾದೆ ಕೊಡಲ್ಲ” ಅಂದಳು.

ಹೋಗಲಿ. ಸಂಪಾದಕಿಗೆ ಬರೆದಿದ್ದೀರಿ, ಸಂಪಾದಕಿಯೇ ಉತ್ತರ ಕೊಡುತ್ತಾಳೆ.

ಈ ಪಟ್ಟಿ ಯಾರದೋ ಅಭಿಮಾನದಿಂದ ಹುಟ್ಟಿದ್ದಲ್ಲ. ನಾವು ಮೂವರು ಕೂತು ಆರು ವಾರ ಹಳೆಯ ಸಂಚಿಕೆಗಳನ್ನೆಲ್ಲ ಜಾಲಾಡಿದ್ದೇವೆ. ಎಷ್ಟು ಗೆಲುವು, ಎಷ್ಟು ವರ್ಷ ಚಾಂಪಿಯನ್ ಪಟ್ಟ, ಎಷ್ಟು ದೊಡ್ಡ ಸಭಾಂಗಣ ತುಂಬಿಸಿದರು, ಎಷ್ಟು ಕಾಲ ಬಾಳಿದರು, ಇದಿಷ್ಟೂ ನೋಡಿದ್ದೇವೆ. ಮಿಂಚುಳ್ಳಿಗೆ ನಾನೂರಕ್ಕೂ ಹೆಚ್ಚು ಗೆಲುವು, ಒಂಬತ್ತು ಪಟ್ಟ. ಸಿಡಿಲಿಗೆ ಎರಡನೇ ಸ್ಥಾನ, ಅದೂ ಕೂದಲೆಳೆಯಲ್ಲಿ ತಪ್ಪಿದ್ದು. ನಿಮ್ಮ ಮೂಟೆ ಇಪ್ಪತ್ತೆರಡು ವರ್ಷದಲ್ಲಿ ಒಂದು ಸಾವಿರದ ನಾನೂರ ಅರವತ್ತು ಪಂದ್ಯ ಆಡಿ ಗೆದ್ದದ್ದು ಹನ್ನೊಂದು. ಹನ್ನೊಂದು, ಮಾವ! ಅದರಲ್ಲಿ ಎರಡು, ಎದುರಾಳಿಗೆ ಬಸ್ಸು ತಪ್ಪಿಹೋಗಿದ್ದಕ್ಕೆ ಸಿಕ್ಕಿದವು.

ಇನ್ನು ಕಾಲದ ಮಾತು. ನಿಮ್ಮ ಕಾಲದಲ್ಲಿ ಇಬ್ಬರು ಕುತ್ತಿಗೆ ಹಿಡಿದುಕೊಂಡು ಮಲಗಿದರೆ, ಜನ ಹೊರಗೆ ಹೋಗಿ ಕಾಫಿ ಕುಡಿದು, ಸಂಬಂಧಿಕರನ್ನು ಮಾತಾಡಿಸಿ, ವಾಪಸು ಬಂದರೂ ಅವರು ಹಾಗೇ ಮಲಗಿರುತ್ತಿದ್ದರು. ಮಿಂಚುಳ್ಳಿ ಹದಿನೈದು ಅಡಿ ಎತ್ತರದಿಂದ, ಬೆನ್ನು ತಿರುಗಿಸಿ ನಿಂತು, ಗಾಳಿಯಲ್ಲಿ ಒಂದೂವರೆ ಸುತ್ತು ಹೊಡೆದು ಬೀಳುತ್ತಾನೆ. ನಿಮ್ಮ ಸಿಡಿಲು ಏಣಿ ಹತ್ತಿದ್ದನ್ನೇ ಯಾರೂ ನೋಡಿಲ್ಲ.

ಹಳದಿ ಚೌಕಟ್ಟು ಸ್ವಲ್ಪ ಕುಚೋದ್ಯವೇ, ಒಪ್ಪುತ್ತೇನೆ. ಆದರೆ ಸುಳ್ಳೇನೂ ಬರೆದಿಲ್ಲ.

ನಿಮ್ಮ,
ಗುಬ್ಬಿ (ಕೆಲಸದ ವೇಳೆಯಲ್ಲಿ ಸಂಪಾದಕಿ)

---

ಫೆಬ್ರವರಿ 27

ಗುಬ್ಬಿ,

‘ನೀನು’ ಎನ್ನುತ್ತೇನೆ, ಬೈಯಲು ಅದೇ ಸಲೀಸು.

ಮಿಂಚುಳ್ಳಿಯ ಆಟವನ್ನು ಈ ವಾರ ಮೂರು ಸಂಜೆ ಕೂತು ನೋಡಿದೆ. ಚೆನ್ನಾಗಿ ಬೀಳುತ್ತಾನೆ, ಇಲ್ಲ ಅನ್ನುವುದಿಲ್ಲ. ಹಾರುವ ಮುನ್ನ ಕೆಳಗೆ ಮಲಗಿದವನ ಕುತ್ತಿಗೆ ಎಲ್ಲಿದೆ ಎಂದು ಕಣ್ಣಾಡಿಸುತ್ತಾನೆ. ಅದನ್ನು ಅವನಿಗೆ ಕಲಿಸಿದವರು ಯಾರೋ, ಬಲ್ಲವರು. ಆದರೆ ಅವನ ರಿಂಗಿನ ಕೆಳಗೆ ಸ್ಪ್ರಿಂಗ್ ಇದೆ, ಅದರ ಮೇಲೆ ನಾಲ್ಕು ಬೆರಳು ದಪ್ಪದ ಸ್ಪಂಜು ಇದೆ. ವಾರಕ್ಕೆ ಎಂಟು ನಿಮಿಷ ಆಡುತ್ತಾನೆ, ಪಕ್ಕದಲ್ಲೇ ಡಾಕ್ಟರ್ ನಿಂತಿರುತ್ತಾರೆ. ನಮ್ಮ ರಿಂಗ್ ಎಂದರೆ ಮರದ ಹಲಗೆ, ಅದರ ಮೇಲೊಂದು ಕಂಬಳಿ, ಅದರ ಮೇಲೆ ದಪ್ಪ ಬಟ್ಟೆ. ಒಂದೊಂದು ಪಂದ್ಯ ನಲವತ್ತು ನಿಮಿಷ. ಸೋಮವಾರ ಬೆಳಗ್ಗೆ ಸಿಡಿಲು ಮರದ ಮಿಲ್ಲಿಗೆ ಹೋಗಬೇಕು, ಮೂಟೆ ಹತ್ತಿ ತುಂಬಲು ಹೋಗಬೇಕು. ಡಾಕ್ಟರ್ ಬೇಕೆಂದರೆ ಎರಡು ಬೀದಿ ಆಚೆಯಿಂದ ಕರೆದುಕೊಂಡು ಬರಬೇಕು, ಅವರು ಮನೆಯಲ್ಲಿದ್ದರೆ.

ಹಾಗಂತ ನಮ್ಮ ಕಾಲವೇ ದೊಡ್ಡದು ಎನ್ನುವ ಮುದುಕನಲ್ಲ ನಾನು. ನಮ್ಮವರಲ್ಲೂ ಕೈಲಾಗದವರಿದ್ದರು, ಅವರ ಹೆಸರು ನಿನ್ನ ಪಟ್ಟಿಯಲ್ಲಿ ಏಳನೆಯದೂ ಹನ್ನೆರಡನೆಯದೂ ಆಗಿದೆ. ಎರಡು ಕಾಲದವರನ್ನು ಒಂದೇ ತಕ್ಕಡಿಯಲ್ಲಿ ಹಾಕಬೇಕೆಂದರೆ ಹಾಕು. ಬೇಡ ಎನ್ನಲಿಲ್ಲ. ಗೆಲುವಿನ ಕಲ್ಲಿಟ್ಟು ತೂಗಬೇಡ ಎಂದೆ. ನಮ್ಮ ವೃತ್ತಿಯಲ್ಲಿ ಗೆಲುವನ್ನು ಎಣಿಸುವುದೇ ತಪ್ಪು. ಯಾಕೆ ಎಂದು ನಾನು ಬರೆಯುವಂತಿಲ್ಲ. ಕೆಲಸಕ್ಕೆ ಸೇರಿದ ದಿನ ಕಂಪನಿಯ ಯಜಮಾನರೆದುರು ಎಲ್ಲರೂ ಒಂದು ಮಾತು ಕೊಟ್ಟಿದ್ದೆವು: ರಿಂಗಿನೊಳಗಿನದು ಹೊರಗೆ ಹೋಗಕೂಡದು, ಮನೆಯೊಳಗೆ ಮೊದಲೇ ಕೂಡದು.

ನನ್ನ ಅಳತೆ ಒಂದೇ. ಅವನ ಜೊತೆ ಆಡಿದವರು ಸೋಮವಾರ ತಮ್ಮ ಕಾಲಲ್ಲಿ ನಡೆದು ಕೆಲಸಕ್ಕೆ ಹೋದರೇ? ಮೂಟೆಯ ಒಂಬೈನೂರು ಪಂದ್ಯಗಳಿಗೆ ನಾನೇ ರೆಫರಿ. ಎಲ್ಲರೂ ಹೋದರು. ಒಬ್ಬನೇ ಒಬ್ಬನಿಗೆ ಮೂಳೆ ಮುರಿಯಲಿಲ್ಲ. ಈ ಲೆಕ್ಕ ನಿನ್ನ ಹಳೆಯ ಸಂಚಿಕೆಯಲ್ಲಿ ಸಿಗುವುದಿಲ್ಲ.

ಓಡಿಹೋದ ಎನ್ನುವುದು ಸುಳ್ಳು. ಅಷ್ಟು ಮಾತ್ರ ಹೇಳಬಲ್ಲೆ.

ನಿನ್ನ,
ಮಾವ

---

ಮಾರ್ಚ್ 6

ಮಾವ,

ನೀವು ಬರೆಯಲಾಗದ್ದನ್ನು ನಾನೇ ಬರೆಯುತ್ತೇನೆ. ಯಾರು ಗೆಲ್ಲಬೇಕು ಅನ್ನುವುದು ಮೊದಲೇ ನಿಶ್ಚಯವಾಗಿರುತ್ತದೆ. ಯಜಮಾನರು ಹೇಳಿದವನು ಗೆಲ್ಲುತ್ತಾನೆ, ಇನ್ನೊಬ್ಬ ಚೆಂದ ಮಾಡಿ ಸೋಲುತ್ತಾನೆ. ಮಾವ, ಇದು ಈಗ ನಮ್ಮ ಆಫೀಸಿನ ಲಿಫ್ಟಿಗೂ ಗೊತ್ತು. ಮಿಂಚುಳ್ಳಿಯ ಕಂಪನಿಯೇ ಅದನ್ನು ಸಂದರ್ಶನದಲ್ಲಿ ಹೇಳುತ್ತದೆ. ನೀವೆಲ್ಲ ಬೀಗ ಹಾಕಿಕೊಂಡು ಕಾಯುತ್ತಿರುವ ಮನೆಗೆ ಹಿಂದಿನ ಗೋಡೆಯೇ ಇಲ್ಲ.

ಗೆಲುವು ಎಣಿಸಿದ್ದು ದಡ್ಡತನ ಅನ್ನುವುದನ್ನು ಒಪ್ಪಿದೆ. ಯಾರನ್ನು ಗೆಲ್ಲಿಸಲು ಯಜಮಾನರು ಇಷ್ಟಪಟ್ಟರು ಅನ್ನುವುದನ್ನು ನಾವು ಆರು ವಾರ ಕೂತು ಎಣಿಸಿದ್ದೇವೆ. ಅದನ್ನು ನಾನು ಮೇಜಿನ ಮೇಲೆ ತಲೆಯಿಟ್ಟು ಒಪ್ಪಿಕೊಂಡೆ.

ಆದರೆ ಆ ಶನಿವಾರದ ವಿಷಯ ಬೇರೆ. ಮೂವತ್ತೊಂದು ವರ್ಷದ ಹಿಂದೆ, ಜನವರಿಯ ಕೊನೆಯ ಶನಿವಾರ. ನಾನೂ ಅಲ್ಲಿದ್ದೆ. ಇಬ್ಬರೂ ಬಿದ್ದರು, ಮೂಟೆ ಹಗ್ಗದ ಕೆಳಗೆ ನುಸುಳಿ ಹೊರಗೆ ಇಳಿದ, ಬಾಗಿಲ ಕಡೆ ಹೋಗೇಬಿಟ್ಟ. ನೀವು ಹತ್ತು ಎಣಿಸಿ ಸಿಡಿಲಿನ ಕೈ ಎತ್ತಿದಿರಿ. ಜನ ಎಲ್ಲ “ಹೇಡಿ, ಹೇಡಿ” ಅಂತ ಕೂಗಿದರು. ನಾನು ಬೆಂಚಿನ ಮೇಲೆ ಹತ್ತಿ ನಿಂತು ಎಲ್ಲರಿಗಿಂತ ಜೋರಾಗಿ ಕೂಗಿದೆ. ನನಗೆ ಮೂಟೆ ಅಂದರೆ ಪ್ರಾಣ, ಅದಕ್ಕೇ ಅಷ್ಟು ಸಿಟ್ಟು ಬಂದಿತ್ತು.

ಈ ಕಾಗದದ ಜೊತೆ ಮರುದಿನದ ನಮ್ಮ ವರದಿಯ ಪ್ರತಿ ಇಟ್ಟಿದ್ದೇನೆ. ಕೊನೆಯ ಸಾಲು ನೋಡಿ. ‘ಪಂದ್ಯದ ರೆಫರಿ ನಮ್ಮ ವರದಿಗಾರರಿಗೆ ಹೇಳಿದರು: ಅವನ ಕಣ್ಣಲ್ಲಿ ಭಯ ಕಂಡೆ. ಹೆದರಿ ಓಡಿದ.’

ಹಳದಿ ಚೌಕಟ್ಟಿನ ಒಕ್ಕಣೆ ನಾನು ಕಟ್ಟಿದ್ದಲ್ಲ ಮಾವ. ನಿಮ್ಮ ಮಾತನ್ನೇ ಚಿಕ್ಕದು ಮಾಡಿ ಹಾಕಿದ್ದು.

ಗುಬ್ಬಿ

---

ಏಪ್ರಿಲ್ 9

ಗುಬ್ಬಿ,

ಒಂದು ತಿಂಗಳು ಬರೆಯಲಿಲ್ಲ. ನಿನ್ನ ಅಮ್ಮ ಎರಡು ಸಲ ಫೋನ್ ಮಾಡಿದಳು, ಎತ್ತಿದೆ, ಹುಷಾರಿಲ್ಲ ಎಂದೆ. ಸುಳ್ಳು. ಹುಷಾರಾಗಿಯೇ ಇದ್ದೆ. ಆ ಪ್ರತಿಯನ್ನು ಕನ್ನಡಕದ ಡಬ್ಬಿಯ ಕೆಳಗೆ ಇಟ್ಟುಕೊಂಡು ದಿನವೂ ಓದುತ್ತಿದ್ದೆ.

ಆ ಮಾತು ನನ್ನದೇ. ಮರೆತಿರಲಿಲ್ಲ, ಯಾರೂ ಓದುವುದಿಲ್ಲ ಎಂದುಕೊಂಡಿದ್ದೆ.

ಹೋದ ಗುರುವಾರ ಮೂಟೆಯ ಅಂಗಡಿಗೆ ಹೋದೆ. ಕೊಟ್ಟ ಮಾತಿನಿಂದ ಬಿಡುಗಡೆ ಕೇಳುವುದು ನನ್ನ ಉದ್ದೇಶವಾಗಿತ್ತು. ಅವನು ನೆಲದ ಮೇಲೆ ಕೂತು ಹಾಸಿಗೆಗೆ ಹತ್ತಿ ತುಂಬುತ್ತಿದ್ದ, ಒಂದೇ ಕೈಯಲ್ಲಿ. ಎಡಗೈ ಭುಜದಿಂದ ಮೇಲೆ ಏಳುವುದಿಲ್ಲ. ಅವನ ಹೆಂಡತಿ ಕಿಟಕಿಯ ಬಳಿ ದಬ್ಬಳ ಹಿಡಿದು ಅಂಚು ಹೊಲಿಯುತ್ತಿದ್ದರು.

“ಬಂದ ನೋಡು ನ್ಯಾಯಾಧೀಶ” ಎಂದ ಮೂಟೆ. “ಏನು, ಬೆನ್ನು ನೋವಾ? ಬಗ್ಗಿ ಬಗ್ಗಿ ಎಣಿಸಿದ್ದಕ್ಕೆ ಇಷ್ಟು ದಿನ ಆದ್ಮೇಲೆ ಬಂತಾ?”

“ಪೇಪರ್ ನೋಡಿದೆಯಾ?”

“ನೋಡ್ದೆ. ಮೂರನೇ ಸ್ಥಾನ. ಹನ್ನೊಂದು ಗೆದ್ದವನಿಗೆ ಅದೇ ಜಾಸ್ತಿ.”

“ನಿಜ ಬರೆದುಬಿಡ್ತೀನಿ. ನಿನ್ನ ಒಪ್ಪಿಗೆ ಬೇಕು.”

ನಗು ನಿಂತಿತು. “ಯಾವ ನಿಜ? ಬಾಯಿ ಮುಚ್ಕೊಂಡಿರು. ಮಾತು ಕೊಟ್ಟಿದೀವಿ.”

“ಯಾವ ನಿಜ ಅಣ್ಣಾ?” ಎಂದರು ಅವನ ಹೆಂಡತಿ.

“ಏನೂ ಇಲ್ಲ, ನೀನು ಹೊಲಿ” ಎಂದ ಇವನು.

“ಮೂವತ್ತೊಂದು ವರ್ಷ ಹೊಲಿದೆ. ಈಗ ಹೇಳಿ.”

ಆಗ ನನಗೆ ಅರ್ಥವಾಯಿತು ಗುಬ್ಬಿ. ಅವರಿಗೆ ಗೊತ್ತಿರಲಿಲ್ಲ. ನಾವು ಕೊಟ್ಟ ಮಾತನ್ನು ಈ ಮನುಷ್ಯ ಎಷ್ಟು ಗಟ್ಟಿಯಾಗಿ ಹಿಡಿದಿದ್ದನೆಂದರೆ, ಹೆಂಡತಿಯ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಆ ಶನಿವಾರ ಅವರು ನಾಲ್ಕನೇ ಸಾಲಿನಲ್ಲಿ ಕೂತಿದ್ದರು.

ಹೇಳಿದೆ. ನಿನಗೂ ಹೇಳುತ್ತೇನೆ.

ಕೊನೆಯ ಪಟ್ಟಿನಲ್ಲಿ ಮೂಟೆ ಸಿಡಿಲನ್ನು ತಲೆಯ ಮೇಲೆ ಎತ್ತಬೇಕು, ಸಿಡಿಲು ಅವನ ಬೆನ್ನ ಹಿಂದಕ್ಕೆ ಜಾರಿ ಇಳಿದು ಅವನನ್ನು ಕೆಡವಿ ಗೆಲ್ಲಬೇಕು. ಹಾಗೆಂದು ಮಾತಾಗಿತ್ತು. ಹಿಂದಿನ ಪಂದ್ಯದವರು ಚೆಲ್ಲಿದ ನೀರು ಬಟ್ಟೆಯ ಮೇಲೆ ಇತ್ತು. ಮೂಟೆಯ ಕಾಲು ಜಾರಿತು, ಸಿಡಿಲು ತಲೆ ಕೆಳಗಾಗಿ ಬಂದ. ಕೈ ಬಿಟ್ಟು ಪಕ್ಕಕ್ಕೆ ಸರಿದಿದ್ದರೆ ಮೂಟೆಗೆ ತರಚು ಗಾಯವೂ ಆಗುತ್ತಿರಲಿಲ್ಲ. ಅವನು ಸಿಡಿಲಿನ ಕುತ್ತಿಗೆಯ ಕೆಳಗೆ ತನ್ನ ಭುಜ ಕೊಟ್ಟ. ಭುಜ ಮುರಿದ ಶಬ್ದ ನನಗೆ ಕೇಳಿಸಿತು.

ನಮ್ಮಲ್ಲೊಂದು ಪದ್ಧತಿ ಇತ್ತು. ಯಾರಾದರೂ ಜೋರಾಗಿ ಬಿದ್ದರೆ ರೆಫರಿ ಬಗ್ಗಿ, ಪರೀಕ್ಷಿಸುವಂತೆ ಮಾಡಿ, ಅವನ ಕೈ ಹಿಡಿಯಬೇಕು. ಒಂದು ಸಲ ಹಿಸುಕಿದರೆ ‘ಚೆನ್ನಾಗಿದ್ದೇನೆ’ ಎಂದರ್ಥ. ಸಿಡಿಲಿನ ಕೈ ಹಿಡಿದೆ. ಹಿಸುಕಲಿಲ್ಲ. “ಕಾಲು ಇದೆಯೋ ಇಲ್ವೋ ಗೊತ್ತಾಗ್ತಿಲ್ಲ” ಎಂದ. ಮೂಟೆಯ ಕಡೆ ಹೋದೆ. ಅವನು ಹಿಸುಕಿದ, ಒಂದು ಸಲ, ಗಟ್ಟಿಯಾಗಿ. ನಾನು ಅವನ ಕಿವಿಯಲ್ಲಿ ಸಿಡಿಲಿನ ಸ್ಥಿತಿ ಹೇಳಿದೆ. ಸಿಡಿಲು ಏಳಲಾರದೆ ಪಂದ್ಯ ನಿಂತರೆ ಪಟ್ಟ ಮೂಟೆಯದು. ಚಾಂಪಿಯನ್ನನ ಕುತ್ತಿಗೆ ಹೋಯಿತೆಂದು ಊರಿಗೆ ಗೊತ್ತಾದರೆ ಅವನಿಗೆ ಮತ್ತೆ ಯಾವ ಕಂಪನಿಯೂ ಕೆಲಸ ಕೊಡುವುದಿಲ್ಲ. ಮೂಟೆ ಇಷ್ಟೇ ಹೇಳಿದ: “ನಾನು ಹೊರಗೆ ಹೋಗ್ತೀನಿ, ನೀನು ಎಣಿಸು.” ಹೊರಗೆ ಹೋದವನು ಹತ್ತರೊಳಗೆ ಬರದಿದ್ದರೆ ಸೋತ ಎಂದು ನಿಯಮ. ಒಳಗಿದ್ದವನು ಏಳಬೇಕಾಗಿಲ್ಲ. ನಾನು ಎಣಿಸಿದೆ.

ಅರ್ಧ ಗಂಟೆಯಲ್ಲಿ ಸಿಡಿಲಿಗೆ ಕಾಲು ಮರಳಿತು. ಆಮೇಲೆ ಹನ್ನೆರಡು ವರ್ಷ ಚಾಂಪಿಯನ್ನಾಗಿ ಮೆರೆದ. ಮೂಟೆ ಮತ್ತೆ ರಿಂಗ್ ಹತ್ತಲಿಲ್ಲ. ನಾಚಿಕೆಯಿಂದ ಹತ್ತಲಿಲ್ಲ ಎಂದುಕೊಂಡಿತು ಊರು.

ಹೇಳಿ ಮುಗಿಸಿದೆ. ಅವನ ಹೆಂಡತಿ ದಬ್ಬಳವನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದರು.

“ಅಂದ್ರೆ, ಮೆಟ್ಟಿಲ ಮೇಲೆ ಬಿದ್ದು ಭುಜ ಮುರೀಲಿಲ್ವಾ?”

“ಇಲ್ಲ” ಎಂದ ಮೂಟೆ.

“ನೀವು ಓಡಿಹೋಗ್ಲಿಲ್ವಾ?”

“ನಡ್ಕೊಂಡು ಹೋದೆ. ಮುರಿದ ಭುಜ ಇಟ್ಕೊಂಡು ಓಡೋಕಾಗುತ್ತಾ?”

“ಮಗಳ ಶಾಲೆಯಲ್ಲಿ ಮಕ್ಕಳು ಅವಳ ಹಿಂದೆ ‘ಓಡು, ಓಡು’ ಅಂತ ಕೂಗಿದಾಗ, ಶಾಲೆ ಬದಲಾಯಿಸಿದ್ದು ನಾನು. ಆವತ್ತಾದ್ರೂ ಹೇಳಬಾರದಿತ್ತಾ?”

“ಮಾತು ಕೊಟ್ಟಿದ್ದೆ.”

“ನನಗೇನು ಕೊಟ್ಟಿದ್ರಿ?”

ಅವನು ಇನ್ನೊಂದು ಹಿಡಿ ಹತ್ತಿಯನ್ನು ಹಾಸಿಗೆಯೊಳಗೆ ತುರುಕಿದ. “ಸಿಡಿಲಿನ ಮರ್ಯಾದೆ ಪ್ರಶ್ನೆ” ಎಂದ.

“ಅವರ ಮರ್ಯಾದೆ ಮೂವತ್ತೊಂದು ವರ್ಷ ನಮ್ಮ ಮನೆಯಲ್ಲಿ ಬಿಟ್ಟಿ ಉಳ್ಕೊಂಡಿತ್ತು. ಈಗ ಖಾಲಿ ಮಾಡ್ಲಿ” ಎಂದರು. ನನ್ನ ಕಡೆ ತಿರುಗಿ, “ಅಣ್ಣಾ, ಪೇಪರಲ್ಲಿ ಹಾಕ್ಸಿ. ತಾರೀಖು ಸಮೇತ ಹಾಕ್ಸಿ” ಎಂದರು. ಮೂಟೆ ಬೇಡ ಎನ್ನಲಿಲ್ಲ.

ಒಂದನ್ನು ಅವರಿಬ್ಬರಿಗೂ ಹೇಳದೆ ಬಂದೆ. ಹತ್ತು ಎಣಿಸಿದ್ದು ನನ್ನ ಕೆಲಸ. ‘ಅವನ ಕಣ್ಣಲ್ಲಿ ಭಯ ಕಂಡೆ’ ಎನ್ನು ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ವರದಿಗಾರ ಪೆನ್ನು ಹಿಡಿದು ನಿಂತಿದ್ದ, ಕಥೆ ಸ್ವಲ್ಪ ರಂಗೇರಲಿ ಎಂದು ನಾನೇ ಸೇರಿಸಿದೆ.

ಮಾವ

---

ಏಪ್ರಿಲ್ 16

ಮಾವ,

ನಿಮ್ಮ ಕಾಗದವನ್ನು ಆಫೀಸಿನಲ್ಲಿ ಓದಿದೆ. ಓದಿ ಮುಗಿಸಿ ಸಿಡಿಲು ಅವರಿಗೆ ಫೋನ್ ಮಾಡಿದೆ. ಹೊಸ ಕ್ರೀಡಾಂಗಣದಲ್ಲಿ ಕುಸ್ತಿ ತಾರೆಯರ ಗೌರವದ ಗೋಡೆ ಕಟ್ಟುತ್ತಿದ್ದಾರಲ್ಲ, ಆ ಸಮಿತಿಗೆ ಅವರೇ ಅಧ್ಯಕ್ಷರು. ಜೂನ್ ಒಂದಕ್ಕೆ ಉದ್ಘಾಟನೆ. ಉದ್ಘಾಟನೆಯ ಕಿರುಪುಸ್ತಕದಲ್ಲಿ ಅವರ ಸಂದರ್ಶನವಿದೆ. ‘ಮೂಟೆ ನನ್ನ ಮುಖ ನೋಡಿಯೇ ಓಡಿದ’ ಅಂತ ಅದರಲ್ಲೂ ಹೇಳಿದ್ದಾರೆ.

ನಾನು ಆ ಶನಿವಾರದ ಬಗ್ಗೆ ಕೇಳಿದೆ. “ಮೂಟೆ ಚೆನ್ನಾಗಿದ್ದಾನಾ?” ಅಂದರು. ಹಾಸಿಗೆ ಅಂಗಡಿ ಇಟ್ಟಿದ್ದಾರೆ ಅಂದೆ. ಆಮೇಲೆ, “ಹಳೇದನ್ನೆಲ್ಲ ಯಾಕಮ್ಮ ಕೆದಕ್ತೀರಾ?” ಅಂದು ಇಟ್ಟುಬಿಟ್ಟರು. ಮತ್ತೆ ಮೂರು ಸಲ ಮಾಡಿದೆ, ಎತ್ತಲಿಲ್ಲ.

ಪ್ರಧಾನ ಸಂಪಾದಕರ ಹತ್ತಿರ ಹೋದೆ. “ರೆಫರಿ ಸಹಿ ಹಾಕ್ತಾರಾ? ಹಾಕಿದ್ರೆ ಪ್ರಿಂಟ್ ಮಾಡೋಣ” ಅಂದರು. ಹಾಕ್ತಾರೆ ಅಂದೆ. ನಿಮ್ಮನ್ನು ಕೇಳದೆ ಹೇಳಿದೆ.

ಹಳದಿ ಚೌಕಟ್ಟು ಅದೇ ಮೂಲೆಯಲ್ಲಿ, ಅದೇ ಅಳತೆಯಲ್ಲಿ, ನನ್ನ ಹೆಸರಿನಲ್ಲಿ, ತಪ್ಪೊಪ್ಪಿಗೆಯಾಗಿ ಬರುತ್ತದೆ. ಅದರ ಪಕ್ಕ ನಿಮ್ಮ ಪತ್ರ. ಗುಬ್ಬಿಗೆ ಬರೆದಂತೆ ಬರೆಯಬೇಡಿ. ಪತ್ರಿಕೆಗೆ ಬರೆಯಿರಿ, ಮೊದಲನೆಯ ಕಾಗದದಲ್ಲಿದ್ದಷ್ಟೇ ಸಿಟ್ಟಿನಿಂದ ಬರೆಯಿರಿ. ನೀವೇ ಸೇರಿಸಿದ ಆ ಸಾಲನ್ನು ಮಾತ್ರ ಬಿಡಬೇಡಿ. ಬಿಟ್ಟರೆ ನಾನು ಸೇರಿಸುತ್ತೇನೆ.

ಹೋದ ಶನಿವಾರ ಎರಡು ಗಂಟೆ ರೈಲಿನಲ್ಲಿ ಕೂತು ನಿಮ್ಮೂರಿಗೆ ಬಂದಿದ್ದೆ, ನಿಮ್ಮ ಮನೆಗೆ ಬರಲಿಲ್ಲ. ಹಾಸಿಗೆ ಅಂಗಡಿಗೆ ಹೋಗಿದ್ದೆ. ಒಂದು ದಿಂಬು ತಂದೆ. ಅಲ್ಲಿ ಏನು ಮಾತಾಡಿದೆವು ಅನ್ನುವುದನ್ನು ಬರೆಯುವುದಿಲ್ಲ.

ಗುಬ್ಬಿ

---

ಮೇ 5

ಸಂಪಾದಕರಿಗೆ,

ಮೂವತ್ತೊಂದು ವರ್ಷದ ಹಿಂದೆ, ಜನವರಿಯ ಕೊನೆಯ ಶನಿವಾರ, ಮೂಟೆ ಎಂದು ನೀವೆಲ್ಲ ಬಲ್ಲ ಕುಸ್ತಿಪಟುವಿಗೆ ನಮ್ಮೂರಿನ ಸಭಾಂಗಣದಲ್ಲಿ ಅನ್ಯಾಯವಾಯಿತು. ಅನ್ಯಾಯ ಮಾಡಿದವರಲ್ಲಿ ಮೊದಲಿಗ ನಾನು. ಆ ಪಂದ್ಯದ ರೆಫರಿ ನಾನೇ. ‘ಅವನ ಕಣ್ಣಲ್ಲಿ ಭಯ ಕಂಡೆ, ಹೆದರಿ ಓಡಿದ’ ಎಂದು ಇದೇ ಪತ್ರಿಕೆಗೆ ಹೇಳಿದೆ. ಅದು ಹಸಿ ಸುಳ್ಳು. ಯಾರ ಒತ್ತಾಯವೂ ಇರಲಿಲ್ಲ. ಅಂದು ನಡೆದದ್ದನ್ನು ಸಂಪಾದಕರು ಈ ಪತ್ರದ ಪಕ್ಕದಲ್ಲಿ ನನ್ನ ಹೇಳಿಕೆಯಾಗಿ ಅಚ್ಚು ಮಾಡಿದ್ದಾರೆ. ಅದರ ಪ್ರತಿಯೊಂದು ಅಕ್ಷರಕ್ಕೂ ನಾನು ಜವಾಬ್ದಾರ. ಮೂಟೆಯವರ, ಅವರ ಪತ್ನಿಯವರ, ಮಗಳ ಕ್ಷಮೆಯನ್ನು ಎಲ್ಲರೆದುರು ಕೇಳುತ್ತೇನೆ.

ಪತ್ರಿಕೆಯ ಇಪ್ಪತ್ತೈದರ ಪಟ್ಟಿಯ ಬಗ್ಗೆ ಎರಡು ಮಾತು. ನಮ್ಮ ವೃತ್ತಿಯಲ್ಲಿ ಗೆಲುವು ಯಜಮಾನರು ಹಂಚುವ ವಸ್ತು. ಅದನ್ನು ಎಣಿಸಿ ಕಾಲಕಾಲದವರನ್ನು ಹೋಲಿಸಲಾಗದು. ಎದುರಾಳಿ ತನ್ನ ದೇಹವನ್ನು ನಂಬಿ ಒಪ್ಪಿಸಿದಾಗ ಅದನ್ನು ಹೇಗೆ ಕಾಪಾಡಿದ ಎನ್ನುವುದರಿಂದ ಹೋಲಿಸಬಹುದು. ಆ ಅಳತೆಯಲ್ಲಿ ಈಗಿನ ಮಿಂಚುಳ್ಳಿ ದೊಡ್ಡವನೇ. ಬೇಕೆಂದರೆ ಎರಡನೆಯ ಸ್ಥಾನ ಕೊಡಿ. ಮೊದಲನೆಯ ಸ್ಥಾನ ಸಾವಿರದ ನಾನೂರು ಸಲ ಸೋತವನದು. ಇದನ್ನು ಅಲ್ಲಗಳೆಯುವವರು ನನ್ನ ಮನೆಗೆ ಬರಲಿ, ಬಾಗಿಲು ತೆರೆದಿರುತ್ತದೆ.

ಇನ್ನು ಗೌರವದ ಗೋಡೆಯ ಸಮಿತಿಯ ಅಧ್ಯಕ್ಷರಾದ ಸಿಡಿಲು ಅವರಿಗೆ.

ನಿಮ್ಮ ಕಿರುಪುಸ್ತಕದಲ್ಲಿ ‘ಮೂಟೆ ನನ್ನ ಮುಖ ನೋಡಿಯೇ ಓಡಿದ’ ಎಂದಿದ್ದೀರಿ. ಆಗ ನಿಮ್ಮ ಮುಖ ನೆಲಕ್ಕಿತ್ತು, ಅದನ್ನು ನೋಡಲು ನಾನೂ ಮೊಣಕಾಲೂರಿ ಬಗ್ಗಬೇಕಾಯಿತು. ಆಮೇಲೆ ಆಡಿದ ಹನ್ನೆರಡು ವರ್ಷ ನಿಮಗೆ ಹೇಗೆ ದಕ್ಕಿತೆಂದು ನಿಮಗೂ ನನಗೂ ಮೂಟೆಗೂ ಗೊತ್ತು. ಈವತ್ತಿನಿಂದ ಊರಿಗೂ ಗೊತ್ತು. ನನ್ನ ಮನೆಗೆ ಫೋನ್ ಮಾಡಿ ಬೇಸರ ತೋಡಿಕೊಳ್ಳಬೇಡಿ, ಸಮಿತಿಯ ಗುಮಾಸ್ತರಿಂದ ಕಾಗದವನ್ನೂ ಬರೆಸಬೇಡಿ. ಕೆಳಗಿನ ಎರಡು ಪ್ರಶ್ನೆಗಳಿಗೆ, ಜೂನ್ ಒಂದರೊಳಗೆ, ಇದೇ ಪುಟದಲ್ಲಿ, ನಿಮ್ಮ ಸ್ವಂತ ಸಹಿ ಹಾಕಿ ಉತ್ತರ ಕೊಡಿ:

ಆ ಶನಿವಾರ ನಿಮ್ಮ ಕುತ್ತಿಗೆಯ ಕೆಳಗೆ ಯಾರ ಭುಜ ಇತ್ತು? ನಿಮ್ಮ ಗೋಡೆಯ ಮೇಲೆ ಅವರ ಹೆಸರು ಎಲ್ಲಿದೆ?

ಇಂತಿ,
(ಸಹಿ) ಆ ಪಂದ್ಯದ ರೆಫರಿ